ಖಾಲಿ ಹೊಟ್ಟೆಯ ಚಹಾ

ಗದಗಿನ ಆ ದೊಡ್ಡ ದವಾಖಾನೆಯಲ್ಲಿ ಡಾಕ್ಟರರಿಗಿಂತ ಹೆಚ್ಚು ಪ್ರಶ್ನೆ ಕೇಳುವ ಹೆಂಗಸು ಒಬ್ಬಳೇ, ಕ್ಯಾಂಟೀನಿನ ಶೇಖವ್ವ. ಎಲ್ಲಿ ನೋವು, ಯಾವಾಗಿನಿಂದ ನೋವು ಎಂಬುದು ಡಾಕ್ಟರರ ಪ್ರಶ್ನೆ. ಶೇಖವ್ವನದು ಒಂದೇ, ಉಂಡಿರೇನು? ಇಲ್ಲ ಎಂದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಉಂಡೆವು ಎಂದವರಿಗೂ ಬಿಡುಗಡೆ ಇರಲಿಲ್ಲ. ಏನು ಉಂಡಿರಿ, ರೊಟ್ಟಿ ಎರಡೇ ಯಾಕೆ, ಮೊಸರು ಯಾಕೆ ಬಿಟ್ಟಿರಿ ಎಂದು ವಕೀಲರ ಹಾಗೆ ಪಾಟೀಸವಾಲು ಶುರುವಾಗುತ್ತಿತ್ತು. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ, ಕೈತುಂಬ ಹಸಿರು ಬಳೆಯ ಈ ಹೆಂಗಸಿನ ಕಣ್ಣು ತಪ್ಪಿಸಿ ಆ ಕ್ಯಾಂಟೀನಿನಲ್ಲಿ ಹಸಿದು ಕೂರುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅವಳು ಬೆಟಗೇರಿಯ ನೇಕಾರರ ಮನೆಯ ಸೊಸೆ. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು. ಗಂಡನ ಕಣ್ಣಿಗೆ ಎಳೆ ಕಾಣದಂತಾದಾಗ ಮಗ್ಗ ನಿಂತಿತು. ಅದೇ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು ಈ ದವಾಖಾನೆ ಸೇರಿದಳು. ಶೇಖವ್ವ ಇಪ್ಪತ್ತು ದಿನ ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಮಲಗಿ, ಹೊತ್ತು ಹೊತ್ತಿಗೆ ಕ್ಯಾಂಟೀನಿಗೆ ಇಳಿದು ಬರುತ್ತಿದ್ದಳು. ಆಗ ಅಲ್ಲಿ ರೊಟ್ಟಿ ಮಾಡುತ್ತಿದ್ದವನು ಯಾವ ಊರಿನವನೋ ಏನೋ, ಅವನ ರೊಟ್ಟಿ ಚಪ್ಪಲಿಯ ಅಟ್ಟೆಯಷ್ಟು ದಪ್ಪ. ಶೇಖವ್ವ ಹದಿನೆಂಟು ದಿನ ತಡೆದುಕೊಂಡಳು. ಹತ್ತೊಂಬತ್ತನೆಯ ದಿನ ಸೀದಾ ಅಡುಗೆಮನೆಗೆ ನುಗ್ಗಿ, "ಅತ್ತಾಗ ಸರಿ ತಮ್ಮಾ" ಎಂದು ಅವನನ್ನು ಸರಿಸಿ ಹಿಟ್ಟಿಗೆ ಕೈ ಹಾಕಿದಳು. ಕ್ಯಾಂಟೀನಿನ ಗುತ್ತಿಗೆ ಹಿಡಿದಿದ್ದ ನಿಜಲಿಂಗಪ್ಪ ಬೈಯಲೆಂದು ಬಂದವನು, ಹಂಚಿನ ಮೇಲೆ ಉಬ್ಬಿ ನಿಂತ ರೊಟ್ಟಿಯನ್ನು ನೋಡಿ ಬೈಗುಳ ನುಂಗಿಕೊಂಡ. ಅತ್ತೆ ಮನೆಗೆ ಹೋದಳು, ಸೊಸೆ ದವಾಖಾನೆಯಲ್ಲೇ ಉಳಿದಳು. ಅದಾಗಿ ಹನ್ನೊಂದು ವರ್ಷ.

ಈಗ ಅವಳು ಒಲೆಯ ಮುಂದಿನಿಂದ ಬಡಿಸುವ ಕಟ್ಟೆಗೆ ಬಂದಿದ್ದಳು. ಚಹಾದ ಒಲೆ ಲಕ್ಷ್ಮೇಶ್ವರದಿಂದ ಬಂದು ಬೆಟಗೇರಿಯಲ್ಲಿ ಮನೆ ಮಾಡಿಕೊಂಡಿದ್ದ ರೋಶನಬಿಯದು. ಇಬ್ಬರದೂ ಜಗಳವಾಡುತ್ತಲೇ ಬಲಿತ ಗೆಳೆತನ. ನಿನ್ನ ಚಹಾ ಬರೀ ಸಕ್ಕರೆ ಎಂದು ಇವಳು, ನಿನ್ನ ಪಲ್ಯ ಬರೀ ಖಾರ ಎಂದು ಅವಳು. ಸಂಜೆ ಮಾತ್ರ ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಮೈಗೆ ಮೈ ಅಂಟಿಸಿ ಕೂತು ಮನೆಗೆ ಹೋಗುತ್ತಿದ್ದರು.

ಕಟ್ಟೆಯ ಮೇಲುಗಡೆ ನಿಜಲಿಂಗಪ್ಪ ಒಂದು ಬೋರ್ಡು ಬರೆಸಿ ಹಾಕಿದ್ದ. ಸಿಸ್ಟರ್ ಕೊಟ್ಟ ಚೀಟಿ ಇಲ್ಲದೆ ರೋಗಿಗೆ ಏನನ್ನೂ ಕೊಡುವಂತಿಲ್ಲ ಎಂದು. ಹೋದ ವರ್ಷ ಸಕ್ಕರೆ ಕಾಯಿಲೆಯ ಮುದುಕನೊಬ್ಬ ಗೋಗರೆದನೆಂದು ಬಡಿಸುವಾತ ಜಿಲೇಬಿ ಕೊಟ್ಟಿದ್ದ. ಅವನ ನೌಕರಿ ಅವತ್ತೇ ಹೋಯಿತು. ಶೇಖವ್ವ ಅನ್ನ, ರೊಟ್ಟಿ, ಇಡ್ಲಿಯ ಮಟ್ಟಿಗೆ ಆ ಬೋರ್ಡಿಗೆ ತಲೆಬಾಗಿ ನಡೆದವಳೇ. ಆದರೆ ಚಹಾವನ್ನು ಅವಳು ತಿನ್ನುವ ಉಣ್ಣುವ ಪೈಕಿ ಎಂದು ಎಣಿಸಿದವಳೇ ಅಲ್ಲ. ಈ ಕಡೆ ಯಾರು ಎಣಿಸುತ್ತಾರೆ ಹೇಳಿ? ಸೋಮವಾರದ ಉಪವಾಸ ಹಿಡಿದವರು ಹಗಲೆಲ್ಲ ಆರು ಸಲ ಚಹಾ ಕುಡಿದು, ಸಂಜೆ ದೇವರ ಮುಂದೆ ನಿಂತು, ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲ ಎಂದು ಕೈಮುಗಿಯುತ್ತಾರೆ. ದೇವರು ಇದುವರೆಗೆ ತಕರಾರು ತೆಗೆದದ್ದಿಲ್ಲ.

ತಕರಾರು ಬಂದದ್ದು ಡಾಕ್ಟರರಿಂದ. ಅದು ರಮಜಾನ್ ತಿಂಗಳ ಒಂದು ಮಂಗಳವಾರ. ರೋಶನಬಿ ಆ ತಿಂಗಳು ನಸುಕಿನಲ್ಲೆದ್ದು ಉಂಡು ರೋಜಾ ಹಿಡಿಯುತ್ತಿದ್ದಳಾದ್ದರಿಂದ ಎಂಟಕ್ಕೆ ಬರುತ್ತಿದ್ದಳು. ಅಲ್ಲಿಯವರೆಗೆ ಚಹಾದ ಒಲೆಯೂ ಶೇಖವ್ವನದೇ. ಆರೂವರೆಯ ಹೊತ್ತಿಗೆ ಶಿರಹಟ್ಟಿಯ ಫಕ್ಕೀರವ್ವ ಬಂದು, ಏನೂ ಕೇಳದೆ, ಕಂಬಕ್ಕೆ ಒರಗಿ ನಿಂತಳು.

ಈ ಫಕ್ಕೀರವ್ವ ಹಿಂದಿನ ದಿನವೇ ಶೇಖವ್ವನ ಪಾಟೀಸವಾಲಿಗೆ ಸಿಕ್ಕು ಮನೆಯ ಸಂಗತಿಯನ್ನೆಲ್ಲ ಹೇಳಿಕೊಂಡಿದ್ದಳು. ಸೊಸೆ ಸುಶ್ಮಿತಾಳ ಪಿತ್ತದ ಚೀಲದಲ್ಲಿ ಹರಳು. ಬೆಳಿಗ್ಗೆ ಎಂಟಕ್ಕೆ ಆಪರೇಶನ್. ಅತ್ತೆ ಸೊಸೆಯರದು ಮೊದಲಿನಿಂದ ಅಷ್ಟಕ್ಕಷ್ಟೇ. ಹೋದ ವರ್ಷ ಏನೋ ಮಾತಿಗೆ ಮಾತು ಬೆಳೆದು ಹುಡುಗಿ ಮುಂಡರಗಿಯ ತವರಿಗೆ ಹೋಗಿ ನಾಲ್ಕು ತಿಂಗಳು ಕೂತಿದ್ದಳು. ಹಿರಿಯರು ನಡುವೆ ನಿಂತು ಕರೆತಂದು ಇನ್ನೂ ತಿಂಗಳು ತುಂಬಿರಲಿಲ್ಲ. ಇನ್ನೊಂದು ದೂರು ಬಂದರೆ ಮಗಳನ್ನು ಮತ್ತೆ ಕಳಿಸುವುದಿಲ್ಲವೆಂದು ಹುಡುಗಿಯ ತಾಯಿ ಮಮತಾ ಖಡಾಖಂಡಿತ ಹೇಳಿದ್ದಳು. ಹಾಗಾಗಿ ಈ ಸಲ ದವಾಖಾನೆಗೆ ತಾನೇ ನಿಲ್ಲುತ್ತೇನೆಂದು ಹಟ ಹಿಡಿದು ಬಂದಿದ್ದಳು ಫಕ್ಕೀರವ್ವ. ಸಿಸ್ಟರ್ ಹೇಳಿದ್ದನ್ನು ಮಗ ಕೇಳಿಸಿಕೊಂಡು, ಬೆಳಗಿನವರೆಗೆ ಖಾಲಿ ಹೊಟ್ಟೆಯಲ್ಲಿ ಇರಬೇಕಂತೆ ಎಂದಷ್ಟೇ ತಾಯಿಗೆ ತಿಳಿಸಿ ರಾತ್ರಿಯೇ ಊರಿಗೆ ಹೋಗಿದ್ದ.

"ಯಾಕ ನಿಂತೀರಿ ಫಕ್ಕೀರಕ್ಕಾರ, ಚಾ ತಗೋರಿ" ಎಂದಳು ಶೇಖವ್ವ.

"ಬ್ಯಾಡ ತಂಗಿ. ಹುಡುಗಿ ರಾತ್ರಿಯಿಂದ ಖಾಲಿ ಹೊಟ್ಟೀಲೆ ಅದಾಳ. ತುಟಿ ಒಣಗಿ ಹೋಗ್ಯಾವ. ಆಕೀನ್ನ ಹಂಗ ಮಲಗಿಸಿ ನಾ ಹೆಂಗ ಕುಡೀಲಿ?"

"ಖಾಲಿ ಹೊಟ್ಟಿ ಅಂದ್ರ ಕೂಳ ತಿನ್ನಬಾರದು ಅಂತ. ಚಾ ಏನ ಮಾಡ್ತೈತಿ? ಚಾ ಕುಡಿಯೂದ ಖಾಲಿ ಹೊಟ್ಟೀಲೆ. ಆಪರೇಶನ್ ಅಂದ್ರ ಜೀವಕ್ಕ ಒಂದೀಟ ತ್ರಾಣ ಬೇಕಲ್ರಿ."

"ಸಿಸ್ಟರ್ ಏನರ ಅಂದಾರು."

"ಬ್ರೆಡ್ ಕೊಟ್ರ ಅಂತಾರ. ಚಾಕ್ಕ ಯಾರ ಏನಂತಾರ? ನನ್ನ ಮಾತ ಕೇಳ್ರಿ, ಒಯ್ದ ಕುಡಸ್ರಿ."

ಶೇಖವ್ವ ಹಾಲು ಹೆಚ್ಚು ಹಾಕಿ, ಶುಂಠಿ ಜಜ್ಜಿ ಹಾಕಿ, ಇಬ್ಬರಿಗಾಗುವಷ್ಟು ಚಹಾವನ್ನು ಸ್ಟೀಲಿನ ತಂಬಿಗೆಗೆ ಸುರಿದಳು. ಫಕ್ಕೀರವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ಒಬ್ಬ ಅತ್ತೆ ಸೊಸೆಗಾಗಿ ಹೀಗೆ ಹಸಿದು ನಿಂತದ್ದನ್ನು ನೋಡಿ ಶೇಖವ್ವನಿಗೆ ಬೆಳಗೇ ಹಿಗ್ಗಾಗಿತ್ತು.

ಒಂಬತ್ತರ ಹೊತ್ತಿಗೆ ವಾರ್ಡಿನ ಆಯಾ ಚಹಾಕ್ಕೆ ಬಂದಳು. ಬಂದವಳು ಕುಡಿಯುವ ಮೊದಲೇ ಸುದ್ದಿ ಬಿಚ್ಚಿದಳು. ಆಪರೇಶನ್ನಿಗೆ ಒಯ್ಯುವಾಗ ಸಿಸ್ಟರ್ ಆ ಶಿರಹಟ್ಟಿ ಹುಡುಗಿಯನ್ನು ಏನಾದರೂ ತಿಂದೆಯಾ ಎಂದು ಕೇಳಿದರಂತೆ. ಏನೂ ಇಲ್ಲ, ಅತ್ತೆ ಚಹಾ ಕೊಟ್ಟರು ಅಷ್ಟೆ, ಎಂದಳಂತೆ ಆ ಪಾಪದ ಹುಡುಗಿ. ಅಲ್ಲಿಂದಲೇ ಸ್ಟ್ರೆಚರ್ ವಾಪಸು. ಹೊಟ್ಟೆಯಲ್ಲಿ ಹಾಲಿಟ್ಟುಕೊಂಡು ಮಂಪರಿಗೆ ಹೋದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯವಂತೆ. ಮಂಪರು ಕೊಡುವ ಡಾಕ್ಟರು ಹುಬ್ಬಳ್ಳಿಯಿಂದ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಇನ್ನು ಶುಕ್ರವಾರದವರೆಗೆ ಆ ಹುಡುಗಿ ನೋವು ತಿನ್ನಬೇಕು.

"ಹುಡುಗಿ ತಾಯಿ ಮುಂಡರಗಿಯಿಂದ ಈಗ ಬಂದಾಳ" ಎಂದಳು ಆಯಾ. "ಬೇಕಂತನ ಕುಡಿಸ್ಯಾಳ, ನನ್ನ ಮಗಳನ್ನ ಕೊಲ್ಲಾಕ ನಿಂತಾಳ ಅಂತ ವಾರ್ಡಿನಾಗ ಒಂದ ಸವನ ಒದರಾಡಾಕತ್ತಾಳ. ಚಾ ಎಲ್ಲಿಂದ ತಂದಿ ಅಂತ ಸಿಸ್ಟರ್ ಕೇಳಿದ್ರ ಆ ಅತ್ತಿ ಬಾಯಿ ಬಿಡವಲ್ಲಳು."

ಆಯಾ ಹೋದ ಮೇಲೆ ಶೇಖವ್ವ ಅಡುಗೆಮನೆಗೆ ಹೋಗಿ, ಹಾಲು ಕಾಯಿಸುತ್ತಿದ್ದ ರೋಶನಬಿಗೆ ಎಲ್ಲವನ್ನೂ ಹೇಳಿದಳು.

"ಚಾ ಕೊಟ್ಟಿ ಏನಕ್ಕಾ ನೀನು?" ಎಂದಳು ರೋಶನಬಿ.

"ಚಾ ಊಟ ಏನ ರೋಶನಾ?"

"ನಿಮ್ಮ ಸೋಮಾರದಾಗ ಅಲ್ಲ. ದವಾಖಾನಿಯವರ ಖಾಲಿ ಹೊಟ್ಟಿ ನಮ್ಮ ರೋಜಾ ಇದ್ದಂಗ. ನೀರ ಸೈತ ಬಾಯಾಗ ಹಾಕೂದಿಲ್ಲ. ಅವರು ಕುಡಿ ಅನ್ನೂ ತನಕ ಇಲ್ಲ ಅಂದ್ರ ಇಲ್ಲ."

"ಹನ್ನೊಂದ ವರ್ಷ ಆತು, ನನಗ ಯಾರೂ ಹೇಳಲಿಲ್ಲಲ್ಲ."

"ಕೇಳೂದೆಲ್ಲಾ ನೀನ ಕೇಳ್ತಿ. ಬ್ಯಾರೇದವರಿಗೆ ಹೇಳಾಕ ಎಲ್ಲಿ ಬಿಡ್ತಿ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಅರ್ಧ ತಾಸು ಜಗಳವಾಗುತ್ತಿತ್ತು. ಅವತ್ತು ಶೇಖವ್ವ ಉಳ್ಳಾಗಡ್ಡಿಯ ಬುಟ್ಟಿ ಎಳೆದುಕೊಂಡು ಕೂತಳು. ತಾನೇ ಒತ್ತಾಯ ಮಾಡಿ ಕೊಟ್ಟದ್ದು. ಆ ಹೆಂಗಸು ಬೇಡವೆಂದಿದ್ದಳು. ಈಗ ಹೋಗಿ ಹೇಳಿದರೆ ಬೋರ್ಡು ಇದ್ದೇ ಇದೆ, ಜಿಲೇಬಿ ಕೊಟ್ಟವನ ದಾರಿಯೇ ತನ್ನದೂ. ಗಂಡನಿಗೆ ಈಗ ಎದುರಿಗೆ ಬಂದವರ ಮುಖವೂ ಗುರುತು ಹತ್ತದು. ಮಗ್ಗ ಮಾರಿ ಎಷ್ಟೋ ವರ್ಷ. ಐವತ್ತು ದಾಟಿದವಳಿಗೆ ಇನ್ನೆಲ್ಲಿ ಕೆಲಸ ಕಾದಿದೆ? ಫಕ್ಕೀರವ್ವ ಹೇಗೂ ಬಾಯಿ ಬಿಟ್ಟಿಲ್ಲ. ಶುಕ್ರವಾರ ಆಪರೇಶನ್ ಆಗುತ್ತದೆ, ಹುಡುಗಿ ಹುಷಾರಾಗುತ್ತಾಳೆ, ಆಮೇಲೆ ಎಲ್ಲ ತಣ್ಣಗಾಗುತ್ತದೆ. ಹೀಗೆಂದು ತನಗೆ ತಾನೇ ಹೇಳಿಕೊಂಡು, ಯಾರನ್ನೂ ಏನನ್ನೂ ಕೇಳದೆ, ಮಧ್ಯಾಹ್ನದವರೆಗೆ ಬಡಿಸಿದಳು. ಅವಳ ಮೌನಕ್ಕೆ ಗಿರಾಕಿಗಳೇ ಗಾಬರಿಯಾಗಿ, ಮೈಯಲ್ಲಿ ಹುಷಾರಿಲ್ಲವೇನು ಎಂದು ಅವಳನ್ನೇ ಕೇಳಿದರು.

ಒಂದು ಗಂಟೆಗೆ ಮಮತಾ ಬುತ್ತಿಯ ಗಂಟು ಹಿಡಿದು ಕೆಳಗಿಳಿದಳು. ನಲವತ್ತೈದರ, ನೆಟ್ಟನೆಯ ಹೆಂಗಸು. ನಸುಕಿನಲ್ಲೆದ್ದು ರೊಟ್ಟಿ ಮಾಡಿಕೊಂಡು ಮೊದಲ ಬಸ್ಸು ಹಿಡಿದು ಬಂದಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ನಾಲ್ಕು ಮಾರು ಹಿಂದೆ ಫಕ್ಕೀರವ್ವನೂ ಬಂದಳು. ಮಮತಾ ಒಂದು ಬೆಂಚಿನಲ್ಲಿ ಕೂತಳು, ಫಕ್ಕೀರವ್ವ ಪಕ್ಕದ ಬೆಂಚಿನಲ್ಲಿ. ಅವಳ ಮುಂದೆ ತಟ್ಟೆಯೂ ಇರಲಿಲ್ಲ, ಲೋಟವೂ ಇರಲಿಲ್ಲ.

ಈ ಸೀಮೆಯಲ್ಲಿ ಬುತ್ತಿ ಬಿಚ್ಚಿದವರು ಸುಮ್ಮನೆ ಉಣ್ಣುವುದಿಲ್ಲ. ಗುರುತಿರಲಿ ಬಿಡಲಿ, ಅಕ್ಕಪಕ್ಕದವರನ್ನು ಊಟಕ್ಕೆ ಬನ್ನಿ ಎಂದು ಕರೆದೇ ತುತ್ತು ಮುರಿಯಬೇಕು. ಕರೆಸಿಕೊಂಡವರು ನಿಮ್ಮದಾಗಲಿ ಎನ್ನುತ್ತಾರೆ. ಎದ್ದು ಬರುವವರು ಕಡಿಮೆ, ಕರೆಯದವರು ಮಾತ್ರ ಯಾರೂ ಇಲ್ಲ. ಕೋರ್ಟಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಾಗ ಎದುರು ಪಾರ್ಟಿಯವನನ್ನೂ ಒಂದು ಮಾತು ಕರೆಯುವ ಜನ ಇವರು.

ಮಮತಾ ಗಂಟು ಬಿಚ್ಚಿದಳು. ಎಡಕ್ಕಿದ್ದ ಕೊರ್ಲಹಳ್ಳಿಯ ಗಂಡಹೆಂಡತಿಯ ಕಡೆ ತಿರುಗಿ, "ಬರ್ರಿ, ಊಟ ಮಾಡೂಣು" ಎಂದಳು. ಎದುರಿಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದವನನ್ನೂ ಕರೆದಳು. ಆಮೇಲೆ ಬಲಕ್ಕಿದ್ದ ಬೀಗತಿಗೆ ಬೆನ್ನು ತಿರುವಿ ರೊಟ್ಟಿ ಮುರಿದಳು.

ಸಾಲಿನಲ್ಲಿದ್ದವರೆಲ್ಲ ಅದನ್ನು ನೋಡಿದರು. ಕೊರ್ಲಹಳ್ಳಿಯ ಹೆಂಗಸು ಇಬ್ಬರ ಮುಖವನ್ನೂ ನೋಡಿ ತಲೆ ತಗ್ಗಿಸಿದಳು. ಫಕ್ಕೀರವ್ವ ಸೆರಗು ಹೊದ್ದುಕೊಂಡು ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಮಮತಾ ಗೋಡೆಗೆ ಹೇಳಿದಂತೆ ಗಟ್ಟಿಯಾಗಿ ಹೇಳಿದಳು: "ಶುಕ್ರವಾರ ಆಪರೇಶನ್ ಆಗಲಿ. ಅಲ್ಲಿಂದ ಸೀದಾ ನನ್ನ ಮಗಳನ್ನ ಮುಂಡರಗಿಗೆ ಕರಕೊಂಡ ಹೋಗ್ತೀನಿ. ಶಿರಹಟ್ಟಿ ಸಂಬಂಧ ಇಲ್ಲಿಗೆ ಮುಗೀತು."

ಮಡಿಕೆಕಾಳಿನ ಪಲ್ಯದ ಪಾತ್ರೆ ಹಿಡಿದು ನಿಂತಿದ್ದ ಶೇಖವ್ವ ಇದೆಲ್ಲವನ್ನೂ ನೋಡಿದಳು. ಮಮತಾ ಬರೀ ಬೈದಿದ್ದರೆ ಶೇಖವ್ವ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಸೀದಾ ಆ ಬೆಂಚಿನ ಹತ್ತಿರ ಬಂದಳು.

"ಆ ಚಾ ನಾ ಕೊಟ್ಟದ್ದರಿ" ಎಂದಳು.

ಮಮತಾ ತಲೆಯೆತ್ತಿದಳು.

"ಇವರು ಕೇಳಿದ್ದಿಲ್ಲ. ಬ್ಯಾಡ ಅಂದ್ರು. ಸಿಸ್ಟರ್ ಬೈದಾರು ಅಂದ್ರು. ನಾನ ಒತ್ತಾಯ ಮಾಡಿ ಕಳಿಸಿದೆ. ತಪ್ಪ ನಂದು."

"ನೀವು ಕೊಟ್ರ ಇವರು ಕುಡಿಸಬೇಕಾ? ಇವರಿಗೆ ತಿಳೀಬಾರದಾ? ನನ್ನ ಮಗಳ ಜೀವ ಹೋಗ್ತಿತ್ತು."

"ಹೌದ್ರಿ, ನಾನ ಕುಡಿಸಿದ್ದು" ಎಂದಳು ಫಕ್ಕೀರವ್ವ, ತಗ್ಗಿಸಿದ ತಲೆ ಎತ್ತದೆ. "ಇಬ್ಬರದಿತ್ತು. ಹುಡುಗಿ ಹಸದಿದ್ಲು, ಎರಡೂ ಆಕಿಗೇ ಕುಡಿಸಿದೆ. ನನಗ ಗೊತ್ತಿದ್ದಿಲ್ಲ."

"ನೀವು ಸಿಟ್ಟ ಮಾಡ್ರಿ, ನಿಮ್ಮ ಮಗಳದು ದೊಡ್ಡ ಗಂಡಾಂತರ ತಪ್ಪೇತಿ" ಎಂದಳು ಶೇಖವ್ವ ಮಮತಾಳಿಗೆ. "ಆದ್ರ ಬೇಕಂತ ಮಾಡ್ಯಾರ ಅನಬ್ಯಾಡ್ರಿ. ಮುಂಜಾನೆ ಈ ಕಂಬದ ಹತ್ರ ನಿಂತಿದ್ರು. ಚಾ ಕುಡೀರಿ ಅಂದ್ರ, ನನ್ನ ಸೊಸಿ ಖಾಲಿ ಹೊಟ್ಟೀಲೆ ಅದಾಳ, ನಾ ಹೆಂಗ ಕುಡೀಲಿ ಅಂದ್ರು. ರಾತ್ರಿ ಆಕಿಗೆ ಊಟ ನಿಲ್ಲಿಸಿದಾಗಿಂದ ಇವರೂ ಏನೂ ಮುಟ್ಟಿಲ್ಲ. ಕ್ಯಾಂಟೀನಿನಾಗ ಯಾರ ಉಂಡಾರ, ಯಾರ ಉಂಡಿಲ್ಲ ನನಗ ಗೊತ್ತಿರ್ತೈತ್ರಿ."

ಮುರಿದ ರೊಟ್ಟಿ ಮಮತಾಳ ಕೈಯಲ್ಲೇ ಇತ್ತು. ಒಬ್ಬ ತಾಯಿಯ ಸಿಟ್ಟು ಹಾಗೆ ಒಂದು ಮಾತಿಗೆ ಇಳಿಯುವಂಥದ್ದಲ್ಲ, ಇಳಿಯಲೂಬಾರದು. ಆದರೂ ಬೀಗತಿಯ ಕಡೆ ನೋಡದೆಯೇ ಕೇಳಿದಳು: "ಖರೇನಾ? ನಿನ್ನಿಯಿಂದ ಏನೂ ತಿಂದಿಲ್ಲೇನು?"

ಫಕ್ಕೀರವ್ವ ಇಲ್ಲವೆಂದು ತಲೆಯಾಡಿಸಿದಳು.

ಮಮತಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಬುತ್ತಿಯ ಬಟ್ಟೆಯನ್ನು ಎರಡೂ ಬೆಂಚಿನ ನಡುವೆ ಬರುವಂತೆ ಎಳೆದು, "ಬರ್ರಿ, ಊಟ ಮಾಡೂಣು" ಎಂದಳು. ದನಿಯಲ್ಲಿ ಇನ್ನೂ ಬಿಗಿಯಿತ್ತು, ಆದರೆ ಕರೆ ಕರೆಯೇ. ಫಕ್ಕೀರವ್ವ ನಿಮ್ಮದಾಗಲಿ ಎನ್ನಲಿಲ್ಲ. ಎದ್ದು ಬಂದು ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ನಿಜಲಿಂಗಪ್ಪ ದುಡ್ಡಿನ ಗಲ್ಲೆಯಿಂದ ಎದ್ದು ಬಂದಿದ್ದ. ಶೇಖವ್ವನನ್ನು ಅಡುಗೆಮನೆಯ ಬಾಗಿಲಿಗೆ ಕರೆದ.

"ಚೀಟಿ ಇಲ್ಲದ ಕೊಟ್ಟಿ?"

"ಕೊಟ್ಟೆನ್ರಿ."

"ಬೋರ್ಡ್ ಓದಾಕ ಬರ್ತೈತಿಲ್ಲೋ?"

"ಬರ್ತೈತ್ರಿ."

ಅವನು ಊಟದವರ ಸಾಲಿನ ಕಡೆ ಒಮ್ಮೆ ನೋಡಿದ. "ಇಷ್ಟ ಮಂದಿ ಮುಂದ ಹೇಳಿದಿ. ಇನ್ನ ನಾ ಕೇಳಿಲ್ಲ ಅನ್ನಾಕ ಬರಂಗಿಲ್ಲ. ಈಗ ಮನಿಗೆ ಹೋಗು. ದವಾಖಾನಿಯವರು ಏನಂತಾರ ಕೇಳಿ ಖಬರ ಕಳಸ್ತೀನಿ."

ಆ ಖಬರ ಬರಲೂಬಹುದು, ಬಾರದೆಯೂ ಇರಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು. ರೋಶನಬಿ ಒಲೆ ಬಿಟ್ಟು ಬಂದು ನಿಜಲಿಂಗಪ್ಪನಿಗೆ ಏನೋ ಹೇಳಲು ಬಾಯಿ ತೆರೆದಳು. ಶೇಖವ್ವ ಅವಳ ಕೈ ಒತ್ತಿ ಸುಮ್ಮನಾಗಿಸಿದಳು. ಸೊಂಟದ ಮೇಲಿನ ಏಪ್ರನ್ ಬಿಚ್ಚಿ ಮಡಿಸಿ ಗೂಟಕ್ಕೆ ಹಾಕಿ, ತನ್ನ ಕೈಚೀಲ ತೆಗೆದುಕೊಂಡು, ಊಟದವರ ಸಾಲಿನ ನಡುವೆ ಹಾಯ್ದು ಬಾಗಿಲ ಕಡೆ ನಡೆದಳು.

ಫಕ್ಕೀರವ್ವ ಅವಳ ಸೆರಗು ಹಿಡಿದು ನಿಲ್ಲಿಸಿದಳು. ನಿಜಲಿಂಗಪ್ಪನ ಮಾತು ಅಲ್ಲಿಯವರೆಗೂ ಕೇಳಿಸಿತ್ತು.

"ನಾ ಯಾರ ಮುಂದೂ ನಿನ್ನ ಹೆಸರ ತಗೊಂಡಿದ್ದಿಲ್ಲ ತಂಗಿ. ಪ್ರೀತೀಲೆ ಕೊಟ್ಟಾಕಿ ನೀನು. ಮುಂದೂ ಹೆಸರ ತಗೊಳ್ಳೂದಿಲ್ಲ ಅಂತ ಮಾಡಿದ್ದೆ. ನಿನ್ನಷ್ಟಕ್ಕ ನೀ ಸುಮ್ಮನಿದ್ದಿದ್ರ ಆಗ್ತಿತ್ತು. ಯಾಕ ಹೇಳಿದಿ?"

ಶೇಖವ್ವ ಮಮತಾಳ ಕಡೆ ಒಮ್ಮೆ ನೋಡಿದಳು. ನೋಯಿಸುವುದು ಅವಳಿಗೆ ಬೇಕಿರಲಿಲ್ಲ, ಆದರೆ ಸುಳ್ಳು ಹೇಳಲೂ ಬರಲಿಲ್ಲ.

"ಅವರು ಬುತ್ತಿ ಬಿಚ್ಚಿ ನಿಮ್ಮನ್ನ ಕರೀಲಿಲ್ಲಲ್ರಿ" ಎಂದಳು. "ಅದನ್ನ ನೋಡಾಕ ಆಗಲಿಲ್ಲ ನನಗ."

ಮಮತಾಳ ಕಣ್ಣು ತುಂಬಿದವು. ಅವಳು ಬೆಂಚಿನ ಮೇಲೆ ಒಂದು ಮೊಳ ಸರಿದು ಜಾಗ ಮಾಡಿದಳು. ಡಬ್ಬಿಯ ಮುಚ್ಚಳದ ಮೇಲೆ ಒಂದು ರೊಟ್ಟಿ ಇಟ್ಟು, ಗುರೆಳ್ಳು ಚಟ್ನಿ ಹಾಕಿ, ಖಾಲಿ ಜಾಗದ ಮುಂದೆ ಇಟ್ಟಳು.

"ಕುಂಡ್ರಿ ಅಕ್ಕಾರ" ಎಂದಳು.

ನಿಮ್ಮದಾಗಲಿ ಎಂಬ ಮಾತು ಶೇಖವ್ವನ ತುಟಿಯವರೆಗೆ ಬಂದಿತ್ತು. ಅವಳು ಗಲ್ಲೆಯ ಕಡೆ ನೋಡಿದಳು. ನಿಜಲಿಂಗಪ್ಪ ಮೊಬೈಲಿನಲ್ಲಿ ಮುಖ ಹುದುಗಿಸಿದ್ದ. ಕ್ಯಾಂಟೀನಿನ ಕೆಲಸದವರು ಗಿರಾಕಿಗಳ ಬೆಂಚಿನ ಮೇಲೆ ಕೂರುವ ಪದ್ಧತಿ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು, ಎರಡು ತುತ್ತು ನುಂಗಿ, ಕೈ ತೊಳೆದು ಓಡಿಬರುವುದೇ ಅವರ ಊಟ. ಹನ್ನೊಂದು ವರ್ಷದಲ್ಲಿ ಶೇಖವ್ವ ಆ ಬೆಂಚಿನ ಮೇಲೆ ಕೂತದ್ದು ಅವತ್ತೇ ಮೊದಲು. ಕೈಚೀಲವನ್ನು ಕಾಲ ಬಳಿ ಇಟ್ಟು ರೊಟ್ಟಿ ಮುರಿದಳು. ಎರಡನೆಯದನ್ನು ಮಮತಾ ಕೇಳದೆಯೇ ಹಾಕಿದಳು.